ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಮೇಲೆ ಕರಗಿದ ಅಲ್ಯೂಮಿನಿಯಂ: ನಡುವಿನ ಬೂದು ಪದರ ಯಾಕೆ ಸೀಳುತ್ತದೆ?

ಕೌಲ್‌ಬಜಾರ್_ಫ್ಯಾಬ್ (ಬಳ್ಳಾರಿ)
ಎಲ್ಲರಿಗೂ ನಮಸ್ಕಾರ. ಸ್ಪಾಂಜ್ ಐರನ್ ಕಿಲ್ನ್‌ಗಳಿಗೆ (ಕಲ್ಲಿದ್ದಲು ಹಾಕಿ ಅದಿರಿನಿಂದ ಕಬ್ಬಿಣ ಮಾಡುವ ಕುಲುಮೆ) ಥರ್ಮೋವೆಲ್, ಅಂದರೆ ಬಿಸಿ ಅಳೆಯುವ ಥರ್ಮೋಕಪಲ್ ಕಾಪಾಡುವ ಪೈಪು, ಮಾಡಿಕೊಡೋದು ನಮ್ಮ ಕೆಲಸ. 304 ಸ್ಟೇನ್‌ಲೆಸ್ ಪೈಪ್ ಹಾಕಿದರೆ ಪದರು ಪದರಾಗಿ ಉದುರಿ, ಕೊನೆಗೆ ತೂತು ಬಿದ್ದು ಒಳಗಿನ ಥರ್ಮೋಕಪಲ್ಲೂ ಹೋಗುತ್ತದೆ. ಇನ್ನೂ ಬಿಸಿ ತಡೆಯುವ 310 ಸ್ಟೇನ್‌ಲೆಸ್ ಅಂದರೆ ಪಾರ್ಟಿ ರೇಟ್ ಕೇಳಿಯೇ ಫೋನ್ ಇಡುತ್ತಾರೆ. ಅದಕ್ಕೆ 304 ಮೇಲೆ ಅಲ್ಯೂಮಿನಿಯಂ ಹತ್ತಿಸಿ ನೋಡೋಣ ಅಂತ, ಪರಿಚಯದ ಎರಕದ ಶೆಡ್‌ನಲ್ಲಿ ಕೆಲವು ಪಟ್ಟಿಗಳನ್ನು ಅದ್ದಿಸಿಕೊಂಡು ಬಂದೆ. ಶುದ್ಧ ಅಲ್ಯೂಮಿನಿಯಂ, ಸುಮಾರು 780 ಡಿಗ್ರಿ, ಹತ್ತು ನಿಮಿಷ.

ನೋಡೋಕೆ ಚೆನ್ನಾಗಿದೆ, ಬೆಳ್ಳಗೆ ಹೊಳೀತಿದೆ. ಆದರೆ ಒಂದು ಪಟ್ಟಿಯನ್ನು ವೈಸ್‌ಗೆ ಕೊಟ್ಟು ಬಗ್ಗಿಸಿದಾಗ ಚಿಟಿಚಿಟಿ ಸದ್ದು ಬಂತು, ಬಾಗಿದ ಕಡೆ ಅಡ್ಡಕ್ಕೆ ಸೀಳು ಬಿಟ್ಟಿತು. ಅಲ್ಯೂಮಿನಿಯಂ ಕೆರೆದು ತೆಗೆದರೆ ಕೆಳಗೆ ಬೂದು ಬಣ್ಣದ ಪದರ. ಅದಕ್ಕೆ ಅರ ಹಾಕಿದರೆ ಅರವೇ ಜಾರುತ್ತದೆ. ಸ್ಟೀಲೂ ಮೆತ್ತಗೆ, ಅಲ್ಯೂಮಿನಿಯಂ ಇನ್ನೂ ಮೆತ್ತಗೆ, ನಡುವೆ ಈ ಗಟ್ಟಿ ವಸ್ತು ಎಲ್ಲಿಂದ ಬಂತು? ಇದು ಇದ್ದರೆ ಒಳ್ಳೆಯದೋ, ಇರಬಾರದೋ? ತಿಳಿದವರು ಹೇಳಿ.

ಗುಜರಿ_ಅಂಗಡಿ (ಸಿಂಧನೂರು)
ಮೊದಲು ಒಂದು ಮಾತು. 304 ಅಂತ ತಂದಿದ್ದು 304 ಹೌದಾ? ಮ್ಯಾಗ್ನೆಟ್ ಅಂಟಲಿಲ್ಲ ಅಂತ ನಂಬಬೇಡಿ. 200 ಸೀರೀಸ್ ಮಾಲೂ ಅಂಟಲ್ಲ. ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ, ರೇಟೂ ಕಡಿಮೆ. ಪೈಪ್ ಮಾರ್ಕೆಟ್‌ನಲ್ಲಿ ಅದೇ ಓಡಾಡ್ತಿದೆ.

ಕೌಲ್‌ಬಜಾರ್_ಫ್ಯಾಬ್
ಟೆಸ್ಟ್ ಸರ್ಟಿಫಿಕೇಟ್ ಇರೋ ಪೈಪ್ ಅಣ್ಣಾ. ಪಟ್ಟಿ ಸೀಳಿದ್ದೂ ಅದೇ ಪೈಪಿನಿಂದ.

ಸೂಕ್ಷ್ಮದರ್ಶಿ (ರಾಯಚೂರು)
ಮೆಟಲರ್ಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಜಾರಾದರೆ ಅರ್ಧಕ್ಕೆ ಬಿಡಿ.

ಕರಗಿದ ಅಲ್ಯೂಮಿನಿಯಂ ಸ್ಟೀಲಿನ ಮೇಲೆ ಪೇಂಟ್ ಥರ ಕೂರುವುದಿಲ್ಲ. ಎರಡೂ ಸೇರಿದ ಕಡೆ ಹೊಸ ವಸ್ತು ಹುಟ್ಟುತ್ತದೆ. ಅದೇ ಇಂಟರ್‌ಮೆಟಾಲಿಕ್. ಮಿಶ್ರಲೋಹದಲ್ಲಿ ಪರಮಾಣುಗಳು ಹೇಗೆ ಬೇಕಾದರೂ ಬೆರೆತಿರಬಹುದು. ಇಂಟರ್‌ಮೆಟಾಲಿಕ್‌ನಲ್ಲಿ ಹಾಗಲ್ಲ, ಇಷ್ಟು ಕಬ್ಬಿಣಕ್ಕೆ ಇಷ್ಟು ಅಲ್ಯೂಮಿನಿಯಂ ಅಂತ ಲೆಕ್ಕ ಇರುತ್ತದೆ, ಪ್ರತಿಯೊಬ್ಬರಿಗೂ ಗೊತ್ತಾದ ಜಾಗ ಇರುತ್ತದೆ. ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಸುಲಭವಾಗಿ ಜಾರಲಾರವು. ಅದಕ್ಕೇ ಗಟ್ಟಿ, ಅದಕ್ಕೇ ಪೆಡಸು.

ನಿಮ್ಮ ಪಟ್ಟಿಯಲ್ಲಿ ಮುಖ್ಯವಾಗಿ ಎರಡು ಇರುತ್ತವೆ. ಸ್ಟೀಲಿನ ಪಕ್ಕದಲ್ಲಿ ಎರಡು ಕಬ್ಬಿಣಕ್ಕೆ ಐದು ಅಲ್ಯೂಮಿನಿಯಂ ಇರುವ ದಪ್ಪ ಪದರ, ಇದನ್ನು 2:5 ಅಂತ ಕರೆಯೋಣ. ಅದರ ಮೇಲೆ, ಅಲ್ಯೂಮಿನಿಯಂ ಕಡೆಗೆ, ಒಂದಕ್ಕೆ ಮೂರು ಇರುವ ತೆಳು ಪದರ. ಹರಳಿನ ರಚನೆ ನೋಡಿ ಲೆಕ್ಕ ಹಾಕಿದರೆ ಅದು 4:13, ಬಾಯಿಮಾತಿಗೆ 1:3 ಅನ್ನುತ್ತಾರೆ. ಮೈಕ್ರೋ ವಿಕರ್ಸ್‌ನಲ್ಲಿ (ಸಣ್ಣ ವಜ್ರದ ಮೊನೆ ಒತ್ತಿ ಗಡಸುತನ ಅಳೆಯುವ ಪರೀಕ್ಷೆ) 2:5ರ ಗಡಸುತನ ಸಾವಿರದ ಆಸುಪಾಸು. ನಿಮ್ಮ 304 ಸುಮಾರು 200, ಮೇಲಿನ ಅಲ್ಯೂಮಿನಿಯಂ 40 ಮುಟ್ಟಿದರೆ ಹೆಚ್ಚು. ಅರ ಜಾರಿದ್ದು ಅದಕ್ಕೇ.

ಎಮ್‌ಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಉಕ್ಕು) ತುಂಡನ್ನು ಹೀಗೇ ಅದ್ದಿದ್ದರೆ ಇನ್ನೂ ಕೆಡುಕಿತ್ತು. ಅದರಲ್ಲಿ 2:5 ಪದರ ಸ್ಟೀಲಿನೊಳಕ್ಕೆ ನಾಲಿಗೆ ಚಾಚಿದ ಹಾಗೆ ಬೆಳೆಯುತ್ತದೆ, ಬಿಸಿ ಜಾಸ್ತಿ ಇದ್ದರೆ ಕೆಲವೇ ನಿಮಿಷದಲ್ಲಿ ನೂರು ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ದಾಟಬಹುದು. ಎಸ್‌ಎಸ್‌ನಲ್ಲಿ ಕ್ರೋಮಿಯಂ, ನಿಕ್ಕಲ್ ಇರುವುದರಿಂದ ಪದರ ತೆಳು, ಅಂಚು ಹೆಚ್ಚು ಕಡಿಮೆ ಸಮತಟ್ಟು. ಕ್ರೋಮಿಯಮ್ಮೂ ನಿಕ್ಕಲ್ಲೂ ಕಬ್ಬಿಣದ ಜಾಗಕ್ಕೆ ನುಗ್ಗಿ ಅದೇ 2:5, 1:3ರ ಒಳಗೆ ಕೂರುತ್ತವೆ. ಉಳಿದ ಕ್ರೋಮಿಯಂ ಅಲ್ಯೂಮಿನಿಯಂ ಜತೆ ಬೇರೆ ಹರಳು ಕಟ್ಟಿಕೊಂಡು ಮೇಲಿನ ಪದರದಲ್ಲಿ ಅಲ್ಲಲ್ಲಿ ಕಾಣುತ್ತದೆ.

ಪದರ ಇರಬೇಕೋ ಬೇಡವೋ ಅಂತ ಕೇಳಿದ್ದೀರಿ. ಇರಲೇಬೇಕು. ಅದಿಲ್ಲದೆ ಅಲ್ಯೂಮಿನಿಯಂ ಹತ್ತುವುದೇ ಇಲ್ಲ. ಯಾವ ಪದರ, ಎಷ್ಟು ದಪ್ಪ ಅನ್ನೋದು ಮುಂದೆ ಆ ವಸ್ತು ಎಲ್ಲಿ ಕೆಲಸ ಮಾಡುತ್ತದೆ ಅನ್ನೋದರ ಮೇಲೆ. ಬಗ್ಗಿಸಬೇಕಾದ ಶೀಟಿಗೆ ತೆಳುವಾಗಿರಬೇಕು. ನಿಮ್ಮದು ಕಿಲ್ನ್‌ನಲ್ಲಿ ಕಾಯುವ ಪೈಪು, ಅದನ್ನು ಯಾರೂ ಬಗ್ಗಿಸಲ್ಲ. ಹಾಗಾಗಿ ವೈಸ್ ಪರೀಕ್ಷೆ ನೋಡಿ ಗಾಬರಿ ಆಗಬೇಡಿ. ಆದರೆ ಹೀಗೇ ಹಸಿಹಸಿಯಾಗಿ ಕಿಲ್ನ್‌ಗೂ ಹಾಕಬೇಡಿ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ, ಇಲ್ಲಿ ಕರೆಂಟ್ ಹೋಗುವ ಹೊತ್ತಾಯ್ತು.

ಡಿಪ್ಲೊಮಾ_ಎರಡನೇ_ವರ್ಷ (ಸಂಡೂರು)
ಮೇಡಂ, ನಾಲಿಗೆ ಥರ ಯಾಕೆ ಬೆಳೆಯುತ್ತದೆ? ಡಿಫ್ಯೂಷನ್ (ಪರಮಾಣು ಒಳಗೆ ನುಸುಳೋದು) ಎಲ್ಲಾ ಕಡೆಗೂ ಒಂದೇ ಥರ ಇರಬೇಕಲ್ವಾ? ನಮ್ಮ ನೋಟ್ಸ್‌ನಲ್ಲಿ ಪದರದ ದಪ್ಪ ಸಮಯದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ ಅಂತ ಒಂದು ಸಾಲು ಇದೆ, ಅಷ್ಟೇ.

ಸೂಕ್ಷ್ಮದರ್ಶಿ
ಒಳ್ಳೆ ಪ್ರಶ್ನೆ ತಮ್ಮಾ. 2:5ರ ಹರಳು ಆರ್ಥೋರಾಂಬಿಕ್, ಮೂರು ಅಕ್ಷ, ಮೂರೂ ಬೇರೆ ಬೇರೆ ಉದ್ದ. ಅದರಲ್ಲಿ ಸಿ ಅಕ್ಷದ ಉದ್ದಕ್ಕೂ ಅಲ್ಯೂಮಿನಿಯಂ ಕೂರಬೇಕಾದ ಸ್ಥಾನಗಳಲ್ಲಿ ಸುಮಾರು ಮೂರನೇ ಒಂದು ಭಾಗ ಖಾಲಿ. ಖಾಲಿ ಸೀಟು ಇದ್ದ ಕಡೆ ಪರಮಾಣು ಸಲೀಸಾಗಿ ಹಾರಿ ಹಾರಿ ಹೋಗುತ್ತದೆ. ಯಾವ ಹರಳಿನ ಸಿ ಅಕ್ಷ ಸ್ಟೀಲಿಗೆ ನೇರ ಮುಖ ಮಾಡಿದೆಯೋ ಅದು ಬೇಗ ಉದ್ದ ಬೆಳೆಯುತ್ತದೆ, ಅಡ್ಡ ಮಲಗಿದ್ದು ಹಿಂದೆ ಬೀಳುತ್ತದೆ. ಅಡ್ಡ ಸೀಳಿ ನೋಡಿದಾಗ ಕಾಣುವ ನಾಲಿಗೆಗಳು ಇವೇ.

ವರ್ಗಮೂಲದ ಸಾಲು ನಿಜ. ಪದರ ದಪ್ಪ ಆದಷ್ಟೂ ಪರಮಾಣು ದಾಟಬೇಕಾದ ದಾರಿ ಉದ್ದವಾಗುತ್ತದೆ. ನಾಲ್ಕು ನಿಮಿಷಕ್ಕೆ 20 ಮೈಕ್ರಾನ್ ಬೆಳೆದಿದ್ದರೆ, 40 ಆಗೋಕೆ ಎಂಟಲ್ಲ, ಹದಿನಾರು ನಿಮಿಷ ಬೇಕು. ಆದರೆ ಎಸ್‌ಎಸ್ ವಿಷಯದಲ್ಲಿ ಇದನ್ನು ಕಣ್ಣುಮುಚ್ಚಿ ಹಾಕಬೇಡ. ಒಂದು ಕಡೆ ಪದರ ಬೆಳೆಯುತ್ತಿರುತ್ತದೆ, ಇನ್ನೊಂದು ಕಡೆ ಅದರ ಮೇಲ್ಭಾಗ ಕರಗಿದ ಲೋಹಕ್ಕೆ ಬಿಟ್ಟುಹೋಗುತ್ತಿರುತ್ತದೆ. ತುಂಬಾ ಹೊತ್ತು ಬಿಟ್ಟರೆ ದಪ್ಪ ಒಂದು ಹಂತಕ್ಕೆ ನಿಲ್ಲುತ್ತದೆ, ಪೈಪಿನ ಗೋಡೆ ಮಾತ್ರ ಸವೆಯುತ್ತಲೇ ಇರುತ್ತದೆ.

ಮೂಸೆ_ಕಾಕಾ (ಕೊಪ್ಪಳ)
ಆ ಶೆಡ್ ಯಾರದೋ ನನಗೆ ಗೊತ್ತಿಲ್ಲ. ಆದರೆ ನನ್ನ ಮೂಸೆಯಲ್ಲಿ ಯಾರಾದರೂ ಎಸ್‌ಎಸ್ ಅದ್ದೋಕೆ ಬಂದರೆ ಒಳಗೆ ಬಿಡಲ್ಲ. ಯಾಕೆ ಅಂತ ಹೇಳ್ತೀನಿ.

ನಾವು ಪಂಪ್ ಕವರ್, ಇಂಪೆಲ್ಲರ್ ಎರಕ ಹೊಯ್ಯೋರು. ಅಲ್ಯೂಮಿನಿಯಂನಲ್ಲಿ ಕಬ್ಬಿಣ, ಮ್ಯಾಂಗನೀಸ್, ಕ್ರೋಮಿಯಂ ಸೇರುತ್ತಾ ಹೋದರೆ ಮೂಸೆಯ ತಳದಲ್ಲಿ ಗಟ್ಟಿ ಹರಳು ಕೂರುತ್ತದೆ. ಅದನ್ನು ಸ್ಲಡ್ಜ್ ಅಂತೀವಿ. ಸಿಲಿಕಾನ್ ಇರುವ ಎರಕದ ಅಲಾಯ್‌ಗೆ ಒಂದು ಲೆಕ್ಕ ಇದೆ: ಕಬ್ಬಿಣದ ಶೇಕಡಾ, ಅದಕ್ಕೆ ಮ್ಯಾಂಗನೀಸಿನ ಎರಡರಷ್ಟು, ಕ್ರೋಮಿಯಮ್ಮಿನ ಮೂರರಷ್ಟು ಕೂಡಿಸಬೇಕು. ಕಬ್ಬಿಣ 0.9, ಮ್ಯಾಂಗನೀಸ್ 0.3, ಕ್ರೋಮಿಯಂ 0.1 ಇದ್ದರೆ 0.9 + 0.6 + 0.3, ಅಂದರೆ 1.8. ಅಷ್ಟಾದ ಮೇಲೆ ಬಿಸಿ 650ರ ಹತ್ತಿರ ಇಳಿದರೆ ಸ್ಲಡ್ಜ್ ಬೀಳೋಕೆ ಶುರು. ಕ್ರೋಮಿಯಂ ನೋಡಿ, ಮೂರು ಪಟ್ಟು ತೂಗುತ್ತದೆ. ಎಸ್‌ಎಸ್‌ನಲ್ಲಿ ಅದೇ ನೂರಕ್ಕೆ ಹದಿನೆಂಟು!

ಆ ಹರಳು ಎರಕದೊಳಗೆ ಸಿಕ್ಕಿಕೊಂಡರೆ ಮೇಲೆ ಏನೂ ಕಾಣಲ್ಲ. ಮೆಷಿನ್ ಶಾಪ್‌ನಲ್ಲಿ ಡ್ರಿಲ್ ಬಿಟ್ ಕಿರ್ ಅಂತ ನಿಂತು ಮುರಿದಾಗಲೇ ಗೊತ್ತಾಗೋದು. ಆಮೇಲೆ ಪಾರ್ಟಿ ಬೈಯೋದು ನಮಗೆ.

ಹಾಗಾಗಿ ಅದ್ದುವ ಕೆಲಸಕ್ಕೆ ಬೇರೆ ಮೂಸೆ ಇಡಿ. ಕಬ್ಬಿಣದ ಕಡಾಯಿ ಇಡಬೇಡಿ, ಅದೂ ಕರಗುತ್ತದೆ. ಗ್ರಾಫೈಟ್ ಇಲ್ಲಾ ಸಿಲಿಕಾನ್ ಕಾರ್ಬೈಡ್ ಮೂಸೆ ಇರಲಿ. ಕಲಕುವ ಸಲಾಕೆಗೂ ಸೌಟಿಗೂ ಬೋರಾನ್ ನೈಟ್ರೈಡ್ ಬಳಿಯಿರಿ, ಬಜೆಟ್ ಇಲ್ಲದಿದ್ದರೆ ಜಿರ್ಕಾನ್ ವಾಶ್ ಆದರೂ ಆಗುತ್ತದೆ.

ಇನ್ನೊಂದು. 780 ಡಿಗ್ರಿ ಯಾಕೆ ಹಾಕಿದರು? ಶುದ್ಧ ಅಲ್ಯೂಮಿನಿಯಂ ಕರಗೋದು 660ಕ್ಕೆ. 700ರಿಂದ 720 ಸಾಕು. ಹತ್ತು ನಿಮಿಷವೂ ಜಾಸ್ತಿ. ಎಲ್‌ಎಂ6 ಅನ್ನೋ ಎರಕದ ಅಲ್ಯೂಮಿನಿಯಂ ಅಲಾಯ್ ಇಂಗಾಟ್ (ಗಟ್ಟಿ) ಬಳಸಿ ನೋಡಿ. ಅದರಲ್ಲಿ ಸಿಲಿಕಾನ್ 10ರಿಂದ 13 ಪರ್ಸೆಂಟ್, 580ರ ಹತ್ತಿರವೇ ನೀರಾಗುತ್ತದೆ. ಬಿಸಿ ಕಡಿಮೆ ಇಟ್ಟು ಅದ್ದಬಹುದು.

ಕೌಲ್‌ಬಜಾರ್_ಫ್ಯಾಬ್
ಕಾಕಾ, ಅದ್ದಿದ್ದು ನಿಮ್ಮ ಶೆಡ್‌ನಲ್ಲಲ್ಲ, ನಿಶ್ಚಿಂತೆಯಿಂದಿರಿ 🙂 ಸಿಲಿಕಾನ್ ಇದ್ದರೆ ಬೂದು ಪದರಕ್ಕೆ ಏನಾಗುತ್ತದೆ?

ಸೂಕ್ಷ್ಮದರ್ಶಿ
ಕಾಕಾ ಹೇಳಿದ್ದು ಸರಿಯಾದ ದಾರಿ. ಸಿಲಿಕಾನ್ ಬಂದ ತಕ್ಷಣ ಪದರ ತೆಳ್ಳಗಾಗುತ್ತದೆ, ಎಮ್‌ಎಸ್‌ನಲ್ಲಿ ಆ ನಾಲಿಗೆಗಳೂ ಮಾಯವಾಗುತ್ತವೆ. ಸಾಮಾನ್ಯವಾಗಿ ಕೊಡುವ ಕಾರಣ ಎರಡು. ಆಗ ಹೇಳಿದೆನಲ್ಲ ಖಾಲಿ ಸೀಟು, ಸಿಲಿಕಾನ್ ಪರಮಾಣು ಅಲ್ಲಿ ಹೋಗಿ ಕೂತುಬಿಡುತ್ತದೆ, ಅಲ್ಯೂಮಿನಿಯಂ ಓಡಾಟಕ್ಕೆ ಅಡ್ಡಿ. ಎರಡನೆಯದು, ಕಬ್ಬಿಣ–ಅಲ್ಯೂಮಿನಿಯಂ–ಸಿಲಿಕಾನ್ ಮೂರೂ ಸೇರಿದ ಹೊಸ ಫೇಸ್‌ಗಳು (ಬೇರೆ ಬೇರೆ ಹರಳು ರೂಪ) ಹುಟ್ಟುತ್ತವೆ. ಟೌ-5, ಟೌ-6 ಅಂತ ಹೆಸರು. ಟೌ-5 ಅಂದರೆ ಹೆಚ್ಚು ಕಡಿಮೆ ಎಂಟು ಅಲ್ಯೂಮಿನಿಯಂ, ಎರಡು ಕಬ್ಬಿಣ, ಒಂದು ಸಿಲಿಕಾನ್. ಅದು ನಡುವೆ ತಡೆಗೋಡೆಯಾಗಿ ನಿಲ್ಲುತ್ತದೆ.

ಕಾರ್ಖಾನೆಯಿಂದ ಬರುವ ಅಲ್ಯೂಮಿನೈಸ್ಡ್ (ಅಲ್ಯೂಮಿನಿಯಂ ಹೊದಿಸಿದ) ಶೀಟ್‌ನಲ್ಲೂ ಇದೇ ಎರಡು ಜಾತಿ. ಟೈಪ್ 1 ಅಂದರೆ ಸಿಲಿಕಾನ್ 5ರಿಂದ 11 ಪರ್ಸೆಂಟ್ ಇರುವುದು, ಬಗ್ಗಿಸೋಕೆ ಆಗುತ್ತದೆ. ಟೈಪ್ 2 ಶುದ್ಧ ಅಲ್ಯೂಮಿನಿಯಂ, ಪದರ ದಪ್ಪ, ಬಗ್ಗಿಸೋಕೆ ಒಗ್ಗಲ್ಲ. ಕಾರಿನ ಸೈಲೆನ್ಸರ್ ಪೈಪಿಗೆ ಅಲ್ಯೂಮಿನಿಯಂ ಹೊದಿಸಿದ 409 ಸ್ಟೇನ್‌ಲೆಸ್ ಹಾಕುತ್ತಾರೆ. ಅದು ಸುಮಾರು 11 ಪರ್ಸೆಂಟ್ ಕ್ರೋಮಿಯಂ ಇರುವ ಫೆರಿಟಿಕ್ ಜಾತಿ (ಮ್ಯಾಗ್ನೆಟ್‌ಗೆ ಅಂಟುವಂಥದ್ದು), ನಿಕ್ಕಲ್ ಇಲ್ಲ ಅಂದರೂ ಸರಿ.

ನಿಮ್ಮ 304ರಲ್ಲಿ 8 ಪರ್ಸೆಂಟ್ ನಿಕ್ಕಲ್ ಇದೆ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ನನಗೆ ಇದೇ ಮಜಾ ಅನಿಸೋದು. ಕ್ರೋಮಿಯಂ ಕರಗಿದ ಅಲ್ಯೂಮಿನಿಯಂನಲ್ಲಿ ಅಷ್ಟಾಗಿ ಕರಗಲ್ಲ. ನಿಕ್ಕಲ್ ಹಾಗಲ್ಲ, ಸಲೀಸಾಗಿ ಹೊರಟುಹೋಗುತ್ತದೆ. ಅಲ್ಯೂಮಿನಿಯಂ–ನಿಕ್ಕಲ್ ಯುಟೆಕ್ಟಿಕ್ (ಎರಡೂ ಸೇರಿ ಅತಿ ಕಡಿಮೆ ಬಿಸಿಗೆ ಕರಗುವ ಬೆರಕೆ) 640 ಡಿಗ್ರಿಯಲ್ಲಿ, ಸುಮಾರು 6 ಪರ್ಸೆಂಟ್ ನಿಕ್ಕಲ್‌ನಲ್ಲಿ ಬರುತ್ತದೆ. ಕಬ್ಬಿಣದ್ದು 655ರಲ್ಲಿ, ಬರೀ 1.8 ಪರ್ಸೆಂಟ್. ಅಂದರೆ ನಿಕ್ಕಲ್ಲಿಗೆ ಮೂಸೆಯಲ್ಲಿ ಜಾಗ ಜಾಸ್ತಿ. ಹಾಗಾಗಿ ಮೇಲಿನ ಬೆಳ್ಳನೆ ಪದರ ತಣಿಯುವಾಗ ಅದರೊಳಗೆ ನಿಕ್ಕಲ್ ಸೇರಿದ ಸಣ್ಣ ಸಣ್ಣ ಹರಳು ಬೀಳುತ್ತದೆ. ಅದು ನಿಮ್ಮ ಪೈಪಿನ ನಿಕ್ಕಲ್ಲೇ.

ಕಿಲ್ನ್_ಶಿಫ್ಟ್_ಬಿ (ಬಳ್ಳಾರಿ)
ನಾನು ಸ್ಪಾಂಜ್ ಕಿಲ್ನ್‌ನಲ್ಲಿ ಶಿಫ್ಟ್ ಮಾಡೋನು. ಇಷ್ಟೆಲ್ಲಾ ರಾಮಾಯಣ ಯಾಕೆ ಅಂತ ನನ್ನ ಪ್ರಶ್ನೆ. 310 ಹಾಕಿ ಮುಗಿಸಿ. 304ಗೆ ಗಾಳಿಯಲ್ಲಿ ಒಂದೇ ಸಮ ಕಾಯಿಸಿದರೆ 925 ಡಿಗ್ರಿ ಮಿತಿ, ಬಿಸಿ ತಣ್ಣಗೆ ಮಾಡ್ತಾ ಇದ್ದರೆ 870. 310ಗೆ 1150. ನಮ್ಮ ಕಿಲ್ನ್ ಓಡೋದು 950ರಿಂದ 1050ರಲ್ಲಿ. ಲೆಕ್ಕ ಅಲ್ಲೇ ಮುಗೀತು.

ಅಲ್ಲದೆ ಒಳಗೆ ಬರೀ ಗಾಳಿ ಇರಲ್ಲ. ಕಲ್ಲಿದ್ದಲು, ಕಾರ್ಬನ್ ಮೊನಾಕ್ಸೈಡು, ಗಂಧಕ, ಬೂದಿ. ಮಾಲು ಉರುಳಿ ಉರುಳಿ ವೆಲ್ ಮೈ ಉಜ್ಜುತ್ತದೆ. ಕಿಲ್ನ್ ನಿಂತರೆ ತಣ್ಣಗಾಗುತ್ತದೆ, ಮತ್ತೆ ಕಾಯುತ್ತದೆ. ನಿಮ್ಮ ಪೆಡಸು ಪದರ ಇದನ್ನೆಲ್ಲ ತಡೆಯುತ್ತಾ?

ಕೌಲ್‌ಬಜಾರ್_ಫ್ಯಾಬ್
ಅಣ್ಣಾ, 310 ಹಾಕಿ ಅಂತ ನಿಮ್ಮ ಪರ್ಚೇಸ್‌ನವರಿಗೆ ಹೇಳಿ, ನಾನು ನಾಳೆಯೇ ಕೊಡ್ತೀನಿ 😄

ಕಿಲ್ನ್_ಶಿಫ್ಟ್_ಬಿ
ಅವರಿಗೆ ಹೇಳೋ ಧೈರ್ಯ ಇದ್ದಿದ್ದರೆ ನಾನ್ಯಾಕೆ ಬಿ ಶಿಫ್ಟ್‌ನಲ್ಲಿ ಇರ್ತಿದ್ದೆ.

ಸೂಕ್ಷ್ಮದರ್ಶಿ
ಶಿಫ್ಟ್ ಅಣ್ಣನ ಮಾತಲ್ಲಿ ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಉತ್ತರ ಇದು.

304 ತನ್ನನ್ನು ಕಾಪಾಡಿಕೊಳ್ಳೋದು ಮೈಮೇಲಿನ ಕ್ರೋಮಿಯಂ ಆಕ್ಸೈಡ್‌ನಿಂದ. ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಆ ಆಕ್ಸೈಡೇ ಆವಿಯಾಗಿ ಹೋಗೋಕೆ ಶುರುವಾಗುತ್ತದೆ, ಅದರಲ್ಲೂ ನೀರಿನ ಹಬೆ ಇದ್ದರೆ. ಅಲ್ಯೂಮಿನಿಯಂ ಆಕ್ಸೈಡಿಗೆ ಆ ಕಾಯಿಲೆ ಇಲ್ಲ. ತೆಳ್ಳಗೆ, ಬಿಗಿಯಾಗಿ ಕೂರುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಗಂಧಕವನ್ನೂ ಕಾರ್ಬನ್ನನ್ನೂ ಒಳಗೆ ಬಿಡೋದು ಕಡಿಮೆ. ಅಲ್ಯೂಮಿನೈಸ್ ಮಾಡೋದೇ ಈ ಆಕ್ಸೈಡಿಗೋಸ್ಕರ. ಇಂಟರ್‌ಮೆಟಾಲಿಕ್ ಅದಕ್ಕೆ ಬೇಕಾದ ಅಲ್ಯೂಮಿನಿಯಂ ಇಟ್ಟುಕೊಂಡಿರುವ ಉಗ್ರಾಣ.

ಆದರೆ ಯಾವ ಇಂಟರ್‌ಮೆಟಾಲಿಕ್? ಅದ್ದಿ ತೆಗೆದಾಗ ಇರೋದು 2:5 ಮತ್ತು 1:3. ತೂಕದಲ್ಲಿ ನೋಡಿದರೆ 2:5ರಲ್ಲಿ ಸುಮಾರು 55 ಪರ್ಸೆಂಟ್ ಅಲ್ಯೂಮಿನಿಯಂ, 1:3ರಲ್ಲಿ 59. ಎರಡೂ ಪೆಡಸು. ಕಡಕ್ ರೊಟ್ಟಿ ಮಡಚೋಕೆ ಹೋದ ಹಾಗೆ, ಸ್ವಲ್ಪ ಎಳೆದರೂ ಚೂರು. ಇದನ್ನೇ 900ರಿಂದ 1000 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಅಲ್ಯೂಮಿನಿಯಂ ಇನ್ನೂ ಒಳಕ್ಕೆ ಹೋಗುತ್ತದೆ, ಕಬ್ಬಿಣ ಹೊರಕ್ಕೆ ಬರುತ್ತದೆ. ಮೇಲಿನ ಪದರ 1:1ಕ್ಕೆ ತಿರುಗುತ್ತದೆ. ಅದರಲ್ಲಿ ಅಲ್ಯೂಮಿನಿಯಂ ಸುಮಾರು 33 ಪರ್ಸೆಂಟ್. ಗಡಸುತನ 2:5ಕ್ಕಿಂತ ಎಷ್ಟೋ ಕಡಿಮೆ, ಅಷ್ಟು ಬೇಗ ಸೀಳಲ್ಲ, ಆಕ್ಸೈಡ್ ಕಟ್ಟೋಕೆ ಅಲ್ಯೂಮಿನಿಯಂ ಧಾರಾಳ ಇದೆ. ನಮಗೆ ಬೇಕಾಗಿದ್ದು ಇದು.

304ರಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಅಲ್ಯೂಮಿನಿಯಂ ಒಳಗೆ ಹೋದಂತೆಲ್ಲ ಸ್ಟೀಲಿನ ಆ ಭಾಗ ಆಸ್ಟೆನೈಟ್ (ಮ್ಯಾಗ್ನೆಟ್‌ಗೆ ಅಂಟದ ರಚನೆ) ಆಗಿ ಉಳಿಯಲ್ಲ, ಫೆರೈಟ್ (ಅಂಟುವ ರಚನೆ) ಆಗುತ್ತದೆ. ನಿಕ್ಕಲ್ ಅಲ್ಯೂಮಿನಿಯಂ ಜತೆ ಜೋಡಿಯಾಗಿ ಅದರೊಳಗೆ ಸಣ್ಣ ಕಣಗಳಾಗಿ ಬೀಳುತ್ತದೆ. ಅಡ್ಡ ಸೀಳಿದ ತುಂಡಿನಲ್ಲಿ ಇದು ಪ್ರತ್ಯೇಕ ಪಟ್ಟೆಯಾಗಿ ಚೆನ್ನಾಗಿ ಕಾಣುತ್ತದೆ. ಮ್ಯಾಗ್ನೆಟ್‌ಗೆ ಅಂಟದ ಪೈಪು ಇಷ್ಟಾದ ಮೇಲೆ ಸ್ವಲ್ಪ ಸೆಳೆದರೆ ಆಶ್ಚರ್ಯ ಪಡಬೇಡಿ. ಸಿಂಧನೂರಿನ ಅಣ್ಣ ಮತ್ತೆ ಅನುಮಾನ ಪಡ್ತಾರೆ ಅಂತ ಮೊದಲೇ ಹೇಳಿಬಿಟ್ಟೆ.

ಇನ್ನು ಒಪ್ಪಿದ ಅರ್ಧ. ಈ ಹೊದಿಕೆ ಪೈಪಿನ ಬಲ ಹೆಚ್ಚಿಸಲ್ಲ. ಸಾವಿರ ಡಿಗ್ರಿಯಲ್ಲಿ 304 ತನ್ನ ತೂಕಕ್ಕೇ ಜೋತು ಬೀಳುತ್ತದೆ, ಮೇಲೆ ಅಲ್ಯೂಮಿನಿಯಂ ಇದ್ದರೂ ಬೀಳುತ್ತದೆ. ಮಾಲು ನೇರ ಉಜ್ಜುವ ಜಾಗದಲ್ಲೂ ಇದು ನಿಲ್ಲಲ್ಲ. ನನ್ನನ್ನು ಕೇಳಿದರೆ 950 ದಾಟುವ ಪಾಯಿಂಟ್‌ಗೆ 310 ಹಾಕಿ. ಅದಕ್ಕಿಂತ ಕಡಿಮೆ ಇರುವ ಕಡೆ, ಗ್ಯಾಸ್ ಹೋಗುವ ದಾರಿಯಲ್ಲಿ, ಅಲ್ಯೂಮಿನೈಸ್ ಮಾಡಿದ 304 ಇಟ್ಟು ನೋಡಿ. 310ಗೂ ಅಲ್ಯೂಮಿನೈಸ್ ಮಾಡಬಹುದು, ಅದು ಬೇರೆ ಮಾತು.

ಕಿಲ್ನ್_ಶಿಫ್ಟ್_ಬಿ
ಹಾಗಾದರೆ ಫರ್ನೇಸ್ ಖರ್ಚು ಯಾಕೆ? ಸೀದಾ ಕಿಲ್ನ್‌ಗೆ ಹಾಕಿದರೆ ಅಲ್ಲೇ ಬಿಸಿಗೆ ಅದರ ಪಾಡಿಗೆ ಅದು 1:1 ಆಗಲ್ವಾ?

ಸೂಕ್ಷ್ಮದರ್ಶಿ
ಆಗಬಹುದು, ಆದರೆ ಅಲ್ಲಿಯವರೆಗೆ ಅದು ಅಲ್ಲಿ ಉಳಿದಿರಬೇಕಲ್ಲ. ಮೇಲೆ ಇರೋದು ಹಸಿ ಅಲ್ಯೂಮಿನಿಯಂ. 660ಕ್ಕೆ ಮತ್ತೆ ಕರಗುತ್ತದೆ, ಎಲ್‌ಎಂ6 ಆದರೆ 577ಕ್ಕೇ. ಪದರ ದಪ್ಪ ಇದ್ದರೆ ಕೆಳಗೆ ಇಳಿದು ಹನಿ ಕಟ್ಟುತ್ತದೆ. ಅದೇ ಹೊತ್ತಿಗೆ ಬೂದಿ ಬಂದು ಅಂಟುತ್ತದೆ, ಮಾಲು ಬಡಿಯುತ್ತದೆ. ಫರ್ನೇಸ್‌ನಲ್ಲಿ ನಿಧಾನ ಬಿಸಿ ಏರಿಸಿದರೆ ಅಲ್ಯೂಮಿನಿಯಂ ಓಡಿಹೋಗುವ ಮೊದಲೇ ಸ್ಟೀಲ್ ಅದನ್ನು ಕುಡಿಯುತ್ತದೆ. 2:5 ಕರಗೋದು ಸುಮಾರು 1170ಕ್ಕೆ, ಹಾಗಾಗಿ ಒಮ್ಮೆ ಇಂಟರ್‌ಮೆಟಾಲಿಕ್ ಆದರೆ ಆಮೇಲೆ ಹರಿಯುವ ಭಯ ಇಲ್ಲ.

ಅದ್ದಿ ತೆಗೆಯುವಾಗ ಮೇಲಿನ ಅಲ್ಯೂಮಿನಿಯಂ ತೆಳ್ಳಗೆ ಬರೋ ಹಾಗೆ ನೋಡಿಕೊಳ್ಳಿ. ನಿಧಾನವಾಗಿ ಎತ್ತಿ, ಎತ್ತಿದ ಮೇಲೆ ತಟ್ಟಿ. ಕೆಳಗಿನ ತುದಿಯಲ್ಲಿ ನಿಂತ ಹನಿಯನ್ನು ಬಿಸಿ ಇರುವಾಗಲೇ ಒರೆಸಿ ತೆಗೆಯಿರಿ.

ಡಿಪ್ಲೊಮಾ_ಎರಡನೇ_ವರ್ಷ
ಮೇಡಂ, ಕಾರಿನ ಬಾಡಿಗೆ ಹಾಟ್ ಸ್ಟ್ಯಾಂಪಿಂಗ್ (ಕಾಯಿಸಿ ಅಚ್ಚಿಗೆ ಒತ್ತುವ) ಶೀಟ್ ಅಂತ ಬರುತ್ತಲ್ಲ, ಅದೂ ಇದೇನಾ?

ಸೂಕ್ಷ್ಮದರ್ಶಿ
ಅದೇ ಸಂಬಂಧಿಕರು. ಅಲ್ಲಿ ಸ್ಟೀಲ್ ಬೋರಾನ್ ಸೇರಿದ್ದು, ಹೊದಿಕೆ 10 ಪರ್ಸೆಂಟ್ ಸಿಲಿಕಾನ್ ಇರುವ ಅಲ್ಯೂಮಿನಿಯಂ. 900 ಡಿಗ್ರಿ ದಾಟಿ ಕಾಯಿಸಿದಾಗ ಹೊದಿಕೆ ಪೂರ್ತಿ ಇಂಟರ್‌ಮೆಟಾಲಿಕ್ ಆಗಿಬಿಡುತ್ತದೆ. ಅದರಿಂದ ಶೀಟ್ ಮೇಲೆ ಸ್ಕೇಲ್ (ಆಕ್ಸೈಡ್ ಹಕ್ಕಳೆ) ಏಳಲ್ಲ.

ಶಕ್ತಿನಗರ_ಬಾಯ್ಲರ್ (ರಾಯಚೂರು)
ಫೇಸು, ಅಕ್ಷ ಎಲ್ಲಾ ಆಯ್ತು, ಜೀವದ ಮಾತು ಯಾರೂ ಆಡಲಿಲ್ಲ. ನಾನು ಬಾಯ್ಲರ್ ಮೆಂಟೆನೆನ್ಸ್‌ನಲ್ಲಿ ಇದ್ದೋನು.

ಥರ್ಮೋವೆಲ್ ಅಂದರೆ ಒಂದು ತುದಿ ಮುಚ್ಚಿದ ಪೈಪು. ಮುಚ್ಚಿದ ತುದಿ ಕೆಳಗೆ ಮಾಡಿ, ತೆರೆದ ಬಾಯಿ ಯಾವಾಗಲೂ ಲೋಹದಿಂದ ಮೇಲೆ ಇರೋ ಹಾಗೆ ಅದ್ದಿ. ಎರಡೂ ಕಡೆ ಮುಚ್ಚಿದ ಪೈಪನ್ನು ಯಾವ ಕಾರಣಕ್ಕೂ ಅದ್ದಬೇಡಿ, ಒಳಗಿನ ಗಾಳಿ ಹಿಗ್ಗಿ ಸಿಡಿಯುತ್ತದೆ. ಒದ್ದೆ ಪೈಪು, ಒದ್ದೆ ಇಕ್ಕಳ, ಒದ್ದೆ ಸೌಟು, ಯಾವುದೂ ಕರಗಿದ ಅಲ್ಯೂಮಿನಿಯಂ ಹತ್ತಿರ ಬರಬಾರದು. ಒಂದು ಹನಿ ನೀರು ಕೆಳಗೆ ಸಿಕ್ಕಿಕೊಂಡರೆ ಕ್ಷಣದಲ್ಲಿ ಹಬೆಯಾಗಿ ಮೂಸೆಯ ಲೋಹವನ್ನೆಲ್ಲ ಎತ್ತಿ ಮುಖಕ್ಕೆ ಎರಚುತ್ತದೆ. ಪೈಪನ್ನು ಮೊದಲು ಚೆನ್ನಾಗಿ ಕಾಯಿಸಿ ಒಣಗಿಸಿ, ಆಮೇಲೆ ಅದ್ದಿ. ಹೊರಗೆ 42 ಡಿಗ್ರಿ ಬಿಸಿಲಿದೆ, ಒಣಗಿಯೇ ಇರುತ್ತೆ ಅನ್ನಬೇಡಿ. ಬಳ್ಳಾರಿ ಬಿಸಿಲು ಪೈಪಿನೊಳಗಿನ ತೇವ ತೆಗೆಯಲ್ಲ.

ಪಿಕ್ಲಿಂಗ್ (ಆಸಿಡ್‌ನಲ್ಲಿ ಮೈ ತೊಳೆಯೋದು) ಹೇಗೆ ಮಾಡ್ತಿದ್ದೀರಿ ಅಂತಲೂ ಹೇಳಿ. ಎಸ್‌ಎಸ್‌ಗೆ ನೈಟ್ರಿಕ್ ಜತೆ ಹೈಡ್ರೋಫ್ಲೋರಿಕ್ ಆಸಿಡ್ ಬಳಸ್ತಾರೆ. ಅದು ಬೇರೆ ಆಸಿಡ್ ಥರ ಅಲ್ಲ. ಚರ್ಮಕ್ಕೆ ಬಿದ್ದ ತಕ್ಷಣ ಉರಿಯದೇ ಇರಬಹುದು, ಒಳಗೆ ಇಳಿದು ಮಾಂಸ, ಮೂಳೆವರೆಗೂ ಹೋಗುತ್ತದೆ. ಬಿದ್ದರೆ ನೀರಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಆ ಜೆಲ್ ಶೆಡ್‌ನಲ್ಲಿ ಇಲ್ಲ ಅಂದರೆ ಆ ಆಸಿಡ್ಡೂ ಇರಬಾರದು.

ಕೌಲ್‌ಬಜಾರ್_ಫ್ಯಾಬ್
ನಾವು ಆಸಿಡ್ ಬಳಸಿಲ್ಲ ಸರ್. ಗ್ರೈಂಡರ್‌ನಲ್ಲಿ ಫ್ಲಾಪ್ ಡಿಸ್ಕ್ ಹಾಕಿ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ ಅದ್ದಿದ್ದು. ಕೆಲವು ಕಡೆ ಅಂಗೈಯಷ್ಟು ಜಾಗ ಹತ್ತಲೇ ಇಲ್ಲ.

ಮೂಸೆ_ಕಾಕಾ
ಹತ್ತಲ್ಲ. ಉಜ್ಜಿದ ಕ್ಷಣದಿಂದಲೇ ಮೇಲೆ ಮತ್ತೆ ಕ್ರೋಮಿಯಂ ಆಕ್ಸೈಡ್ ಕಟ್ಟುತ್ತಾ ಬರುತ್ತದೆ. ಎಸ್‌ಎಸ್ ತುಕ್ಕು ಹಿಡಿಯದಿರೋದೂ ಅದರಿಂದಲೇ, ಅಲ್ಯೂಮಿನಿಯಂ ಹಿಡಿಯದಿರೋದೂ ಅದರಿಂದಲೇ. ಕರಗಿದ ಅಲ್ಯೂಮಿನಿಯಂ ಮೇಲೂ ಆಕ್ಸೈಡ್ ಕೆನೆ ಇರುತ್ತೆ, ಪೈಪ್ ಇಳಿಸುವಾಗ ಅದೂ ಸುತ್ತಿಕೊಳ್ಳುತ್ತೆ. ಈ ಆಕ್ಸೈಡ್ ತೆಗೆಯೋಕೆ ಫ್ಲಕ್ಸ್ ಬೇಕು. ಉಪ್ಪು, ಪೊಟ್ಯಾಸಿಯಂ ಕ್ಲೋರೈಡ್, ಕ್ರಯೋಲೈಟ್ ಸೇರಿದ ಫ್ಲಕ್ಸ್ ಪುಡಿ ಸಿಗುತ್ತೆ. ಕರಗಿಸಿ ಅಲ್ಯೂಮಿನಿಯಂ ಮೇಲೆ ತೇಲಿಸಿ, ಪೈಪು ಅದನ್ನು ದಾಟಿಕೊಂಡೇ ಒಳಗೆ ಇಳಿಯಬೇಕು. ಇಳಿಸುವ ಮೊದಲು ಕೆನೆ ಸರಿಸಿ. ಫ್ಲಕ್ಸ್ ಹೊಗೆ ಮೂಗಿಗೆ ಒಳ್ಳೆಯದಲ್ಲ, ಗಾಳಿ ಬೀಸುವ ದಿಕ್ಕು ನೋಡಿ ನಿಲ್ಲಿ. ಕೆಲಸ ಮುಗಿದ ಮೇಲೆ ಪೈಪಿಗೆ ಅಂಟಿದ ಉಪ್ಪನ್ನು ಬಿಸಿನೀರಲ್ಲಿ ಪೂರ್ತಿ ತೊಳೆಯಿರಿ, ಇಲ್ಲಾಂದರೆ ಕ್ಲೋರೈಡ್ ಎಸ್‌ಎಸ್‌ನ್ನೇ ತಿನ್ನುತ್ತದೆ.

ಸೂಕ್ಷ್ಮದರ್ಶಿ
ಕೌಲ್‌ಬಜಾರ್ ಅಣ್ಣ ಬಸ್ ಪಾರ್ಸೆಲ್‌ನಲ್ಲಿ ಕಳಿಸಿದ, ಅದ್ದಿದ ಪಟ್ಟಿಯ ತುಂಡನ್ನು ನೋಡಿದೆ. ಅಡ್ಡ ಕತ್ತರಿಸಿ ಬೇಕಲೈಟ್‌ನಲ್ಲಿ ಕೂರಿಸಿ ಪಾಲಿಶ್ ಮಾಡಿದೆ. ಮಾಡುವಾಗಲೇ ಗೊತ್ತಾಯ್ತು, ಅಲ್ಯೂಮಿನಿಯಂ ಮೆತ್ತಗೆ ಸವೆದು ತಗ್ಗಾಗುತ್ತದೆ, ನಡುವಿನ ಪದರ ಏರಿಯಾಗಿ ಎದ್ದು ನಿಲ್ಲುತ್ತದೆ. ಫೋಕಸ್ ಮಾಡೋಕೂ ಕಷ್ಟ, ಒಂದು ಸರಿ ಮಾಡಿದರೆ ಇನ್ನೊಂದು ಮಸುಕು.

ಕಾಣಿಸಿದ್ದು ಹೀಗಿದೆ. ಕೆಳಗೆ ಸ್ಟೀಲ್, ಸಮತಟ್ಟು ಅಂಚು. ಅದರ ಮೇಲೆ ಬೂದು ಪಟ್ಟೆ, ಎರಡು ಛಾಯೆ. ಸ್ಟೀಲಿಗೆ ಹತ್ತಿದ ಛಾಯೆಯ ಉದ್ದಕ್ಕೂ ಕೂದಲೆಳೆಯಷ್ಟು ಸೀಳುಗಳು, ಎಲ್ಲವೂ ಮೇಲ್ಮೈಗೆ ಲಂಬ. ಇದು ಬಗ್ಗಿಸದ ತುಂಡು! ಅಂದರೆ ತಣಿಯುವಾಗಲೇ ಸೀಳಿದೆ. 304, ನಡುವಿನ ಪದರ, ಅಲ್ಯೂಮಿನಿಯಂ, ಮೂರೂ ಕುಗ್ಗುವ ಲೆಕ್ಕ ಬೇರೆ ಬೇರೆ. ಪದರ ದಪ್ಪ ಇದ್ದಷ್ಟೂ ಸೀಳು ಜಾಸ್ತಿ. ಸೀಳುಗಳು ಸ್ಟೀಲಿನ ಅಂಚಿಗೆ ಬಂದು ಅಲ್ಲೇ ನಿಂತಿವೆ, ಒಳಗೆ ಹೋಗಿಲ್ಲ. ಇದು ಒಳ್ಳೆ ಸುದ್ದಿ.

ಮೇಲ್ಗಡೆ ಅಲ್ಯೂಮಿನಿಯಂನಲ್ಲಿ ಮೂಲೆ ಚೂಪಾದ ಹರಳುಗಳು ಚದುರಿವೆ. ಕ್ರೋಮಿಯಂ ಸೇರಿದ್ದು ಇರಬೇಕು, ಸೂಜಿಗಳಾಗಿ ಇರೋದು ಕಬ್ಬಿಣ–ನಿಕ್ಕಲ್ ಕಡೆಯದು. ಇಡಿಎಸ್ (ಎಕ್ಸ್-ರೇಯಿಂದ ಧಾತು ಗುರುತಿಸುವ ಪರೀಕ್ಷೆ) ಇಲ್ಲದೆ ಫೇಸ್‌ನ ಹೆಸರು ಖಚಿತವಾಗಿ ಹೇಳಲ್ಲ. ವಿಕರ್ಸ್ ಮೊಳೆಯನ್ನು 25 ಗ್ರಾಂ ಭಾರದಲ್ಲಿ ಒತ್ತಿದರೂ ಬೂದು ಪದರದಲ್ಲಿ ಗುರುತಿನ ನಾಲ್ಕೂ ಮೂಲೆಯಿಂದ ಸೀಳು ಹೊರಟಿತು. ಸ್ಟೀಲಿನಲ್ಲಿ ಅದೇ ಭಾರಕ್ಕೆ ನೀಟಾದ ವಜ್ರಾಕೃತಿ ಬಿತ್ತು, ಒಂದು ಗೆರೆಯೂ ಇಲ್ಲ.

ಉಳಿದ ತುಂಡನ್ನು 950ರಲ್ಲಿ ಕೆಲವು ಗಂಟೆ ಇಟ್ಟು ಮತ್ತೆ ನೋಡಿದೆ. ಹಸಿ ಅಲ್ಯೂಮಿನಿಯಂ ಕಾಣೆಯಾಗಿದೆ, ಬಣ್ಣ ಬೂದಿಯ ಹಾಗೆ ಮಂಕು. ಕಿಲ್ನ್‌ನವರು ಇದನ್ನು ನೋಡಿ ಕಳಪೆ ಮಾಲು ಅಂತ ವಾಪಸ್ ಕಳಿಸಬೇಡಿ, ಸರಿಯಾದ್ದು ಇದೇ ಬಣ್ಣ. ಒಳಗೆ ಪದರ ದಪ್ಪವಾಗಿದೆ, ಸೀಳು ಕಡಿಮೆ. ಆದರೆ ಪದರ ಸ್ಟೀಲಿಗೆ ಸೇರುವ ಕಡೆ ಕರಿ ಚುಕ್ಕೆಗಳ ಸಾಲು ಬಂದಿದೆ. ಒಂದು ಕಡೆಗೆ ಹೋಗುವ ಪರಮಾಣು ಜಾಸ್ತಿ, ಎದುರಿನಿಂದ ಬರುವುದು ಕಡಿಮೆ ಆದಾಗ ಉಳಿದ ಖಾಲಿ ಜಾಗಗಳೆಲ್ಲ ಒಟ್ಟುಗೂಡಿ ಹೀಗೆ ಪೊಳ್ಳಾಗುತ್ತವೆ. ಕರ್ಕೆಂಡಾಲ್ ಪೊಳ್ಳು ಅನ್ನುತ್ತಾರೆ. ಚುಕ್ಕೆ ಚುಕ್ಕೆಯಾಗಿ ಇದ್ದರೆ ಪರವಾಗಿಲ್ಲ. ಸೇರಿ ಗೆರೆಯಾದರೆ ಇಡೀ ಹೊದಿಕೆ ತೊಗಟೆ ಥರ ಕಳಚುತ್ತದೆ. ಮೊದಲ ಪದರ ದಪ್ಪ ಇದ್ದದ್ದಕ್ಕೇ ಇಷ್ಟು ಬಂದಿದೆ ಅನ್ನೋದು ನನ್ನ ಅನಿಸಿಕೆ. ಮುಂದಿನ ಬಾರಿ 700 ಡಿಗ್ರಿ, ಎರಡು ಮೂರು ನಿಮಿಷ ಸಾಕು. ಎಲ್‌ಎಂ6 ಆದರೆ ಇನ್ನೂ 30–40 ಡಿಗ್ರಿ ಕೆಳಗೆ.

ಗುಜರಿ_ಅಂಗಡಿ
ಪೈಪು 304 ಹೌದಾ ಅಲ್ವಾ, ಅದನ್ನು ಹೇಳಿ ಮೇಡಂ.

ಸೂಕ್ಷ್ಮದರ್ಶಿ
ಸ್ಪೆಕ್ಟ್ರೋದಲ್ಲಿ (ಲೋಹದಲ್ಲಿ ಏನೇನಿದೆ ಅಳೆಯುವ ಯಂತ್ರ) ನಿಕ್ಕಲ್ 8ರ ಮೇಲೇ ಇದೆ ಅಣ್ಣಾ, 304ನೇ.

ಗುಜರಿ_ಅಂಗಡಿ
ಹಾಗಾದರೆ ಹಳೆ ವೆಲ್‌ಗಳು ಇದ್ದರೆ ನನಗೇ ಕೊಡಿ, ಒಳ್ಳೆ ರೇಟ್ ಹಾಕ್ತೀನಿ. ಅಲ್ಯೂಮಿನಿಯಂ ಹತ್ತಿದ್ದು ಮಾತ್ರ ಬೇಡ. ಕರಗಿಸೋರು ಅದನ್ನು ತಗೊಳ್ಳಲ್ಲ.

ಕೌಲ್‌ಬಜಾರ್_ಫ್ಯಾಬ್
ಮೇಡಂ, ಕಾಕಾ, ಸರ್, ಎಲ್ಲರಿಗೂ ಥ್ಯಾಂಕ್ಸ್. ಬೇರೆ ಮೂಸೆ, ಎಲ್‌ಎಂ6, ಫ್ಲಕ್ಸ್ ಮೂರಕ್ಕೂ ಹೇಳಿದ್ದೀನಿ. ಕೊನೆಗೆ ಒಂದು ಡೌಟು. ವೆಲ್ ತುದಿಯ ಮುಚ್ಚಳ ಮತ್ತು ಫ್ಲಾಂಜ್ ವೆಲ್ಡಿಂಗ್ ಅಲ್ಯೂಮಿನೈಸ್ ಮಾಡಿದ ಮೇಲೆ ಮಾಡಲಾ, ಮೊದಲೇ ಮಾಡಲಾ?

ಶಕ್ತಿನಗರ_ಬಾಯ್ಲರ್
ಮೊದಲೇ. ಅಲ್ಯೂಮಿನಿಯಂ ಹತ್ತಿದ ಮೇಲೆ ಟಿಗ್ ವೆಲ್ಡಿಂಗ್ ಇಟ್ಟರೆ ಆ ಅಲ್ಯೂಮಿನಿಯಂ ಎಲ್ಲಾ ವೆಲ್ಡ್ ಕುಂಡಕ್ಕೆ ಇಳಿಯುತ್ತದೆ. ಅಲ್ಲೂ ಅದೇ ಪೆಡಸು ಪದರದ ಕಥೆ, ವೆಲ್ಡ್ ಸೀಳುತ್ತದೆ. ಮುಚ್ಚಳ ವೆಲ್ಡ್ ಮಾಡಿ, ಡೈ ಪೆನಿಟ್ರೆಂಟ್ (ಸೀಳು, ತೂತಿಗೆ ಇಳಿದು ತೋರಿಸುವ ಬಣ್ಣ) ಹಾಕಿ ಸೂಜಿತೂತು ಇಲ್ಲ ಅಂತ ನೋಡಿ, ಡೈ ಪೂರ್ತಿ ತೊಳೆದು ಒಣಗಿಸಿ ಆಮೇಲೆ ಅದ್ದಿ. ಫ್ಲಾಂಜ್ ಭಾಗ ಕಿಲ್ನ್ ಹೊರಗೇ ಇರೋದಲ್ವಾ, ಅದನ್ನು ಅದ್ದುವ ಅಗತ್ಯ ಇಲ್ಲ. ಅದರಿಂದ ನಾಲ್ಕು ಬೆರಳು ಕೆಳಗೆ ನಿಲ್ಲಿಸಿ.

ಕೌಲ್‌ಬಜಾರ್_ಫ್ಯಾಬ್
ಸರಿ ಸರ್. ಮೊದಲ ಎರಡು ವೆಲ್ ಗ್ಯಾಸ್ ದಾರಿಗೆ ಕೊಡ್ತೀನಿ. ಶಿಫ್ಟ್ ಅಣ್ಣಾ, ಬಿಚ್ಚಿದಾಗ ಗ್ರೈಂಡರ್ ಹಿಡಿಯದೆ ಹಾಗೇ ನನಗೆ ಕೊಡಿ. ಅಡ್ಡ ಕುಯ್ದು ರಾಯಚೂರಿಗೆ ಕಳಿಸಬೇಕು.

ಕಿಲ್ನ್_ಶಿಫ್ಟ್_ಬಿ
ಶಟ್‌ಡೌನ್ ಆಗಲಿ, ಟ್ಯಾಗ್ ಕಟ್ಟಿ ಇಡ್ತೀನಿ.